ಒಂದಕ್ಷರವನ್ನೂ ಬದಲಿಸತಕ್ಕದ್ದಲ್ಲ

ಮಧ್ಯಾಹ್ನ ಎರಡೂ ಹತ್ತಕ್ಕೆ ಅವನು ಪೇಸ್ಟ್ ಮಾಡಿದ ಎಂಟು ಸಾಲುಗಳನ್ನು ಡೇಟಾಬೇಸ್ ಒಪ್ಪಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ದಡದಡನೆ ಬಿದ್ದವು, ಅರೆಕ್ಷಣ ಸುಮ್ಮನಿದ್ದವು, ಆಮೇಲೆ ಒಂದೊಂದು ಸಾಲಿನ ಕೆಳಗೂ ಅದೇ ಮಾತು ಬಂತು: ಬರವಣಿಗೆಯಲ್ಲಿ ದೋಷ, ಈ ಗುರುತಿನ ಹತ್ತಿರ. ಯಾವ ಗುರುತು ಎಂದು ಅವನು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದ. ಹೆಸರುಗಳ ಹಿಂದೆ ಮುಂದೆ ಹಾಕಿದ್ದ ಉದ್ಧರಣ ಚಿಹ್ನೆ. ಅದು ಮೊಳೆ ಹೊಡೆದ ಹಾಗೆ ನೆಟ್ಟಗಿರಬೇಕಿತ್ತು, ಬಾಗಿ ಕೂತಿತ್ತು. ಒಪ್ಪಿಗೆ ಪಡೆಯಲೆಂದು ಆ ಸಾಲುಗಳನ್ನು ಅವನು ಪತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಬರೆದು ಪ್ರಿಂಟ್ ತೆಗೆದಿದ್ದ. ಯಾರೂ ಕೇಳದಿದ್ದರೂ ಅದು ನೆಟ್ಟಗಿನ ಚಿಹ್ನೆಗಳನ್ನೆಲ್ಲ ಚೆಂದಕ್ಕೆಂದು ಬಗ್ಗಿಸಿಬಿಟ್ಟಿತ್ತು. ಚೆಂದ ಡೇಟಾಬೇಸ್‌ಗೆ ಬೇಕಿರಲಿಲ್ಲ. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿರುವವನಿಗೆ ಇದು ಗೊತ್ತಿರಬೇಕಿತ್ತು, ಗೊತ್ತೂ ಇತ್ತು. ಗೊತ್ತಿದ್ದದ್ದು ಬೇಕಾದ ಹೊತ್ತಿಗೆ ಕೈಗೆ ಸಿಗಲಿಲ್ಲ ಎಂಬುದಕ್ಕೇ ಮೈ ಉರಿಯಿತು.

ಆಸ್ಪತ್ರೆಯ ಎರಡನೇ ಮಹಡಿಯ ಈ ದಾಖಲೆ ಕೋಣೆಯಲ್ಲಿ ಮೇಜುಗಳು ಎರಡೇ. ನೆಲಮಹಡಿಯಲ್ಲಿ ಡಯಾಲಿಸಿಸ್ ವಾರ್ಡು. ಬೆಳಿಗ್ಗೆ ಅಲ್ಲಿಯ ಐದನೇ ಮಂಚದ ಯಂತ್ರ ಕೆಟ್ಟು, ಅದನ್ನು ಎತ್ತಿ ಹೊಸದನ್ನು ತಂದಿಟ್ಟಿದ್ದರು. ಹೊಸ ಯಂತ್ರಕ್ಕೆ ಹೊಸ ಸಂಖ್ಯೆ. ಹಳೆಯ ಸಂಖ್ಯೆಗೆ ಗಂಟುಬಿದ್ದಿದ್ದ ವಾರದ ಎಂಟು ರೋಗಿಗಳನ್ನು ಬಿಚ್ಚಿ ಹೊಸ ಸಂಖ್ಯೆಗೆ ಕಟ್ಟಬೇಕು. ಪಾಳಿ ಶುರುವಾದ ಮೇಲೆ ವಾರ್ಡಿನ ಕಂಪ್ಯೂಟರಿನಲ್ಲಿ ಅದಕ್ಕೆ ದಾರಿಯಿಲ್ಲ, ಇಲ್ಲಿಂದ, ಈ ಕಪ್ಪು ಕಿಟಕಿಯಿಂದಲೇ ಆಗಬೇಕು. ಅಲ್ಲಿಯವರೆಗೆ ಆ ಮಂಚದ ಹಾಳೆ ಕೆಳಗೆ ಅಚ್ಚಾಗುವುದಿಲ್ಲ. ಮೈಯಿಂದ ಎಷ್ಟು ನೀರು ತೆಗೆಯಬೇಕು, ರಕ್ತ ಹೆಪ್ಪುಗಟ್ಟದ ಔಷಧ ಎಷ್ಟು ಹಾಕಬೇಕು ಎನ್ನುವುದೆಲ್ಲ ಇರುವುದು ಆ ಹಾಳೆಯಲ್ಲಿ. ಹಾಳೆ ಕೈಗೆ ಬರದೆ ಹೆಡ್ ನರ್ಸ್ ಸೂಜಿ ಮುಟ್ಟುವವರಲ್ಲ. ಎರಡು ಗಂಟೆಗೆ ಆ ಮಂಚದ ಮೇಲೆ ಮಲಗಬೇಕಾಗಿದ್ದವಳು ಅವನ ಅಕ್ಕ. ನಾಲ್ಕು ಗಂಟೆ ಅವಳ ರಕ್ತ ಯಂತ್ರದೊಳಗೆ ಓಡಬೇಕು. ಆಮೇಲೆ ಯಂತ್ರ ತೊಳೆಯಲು ಅರ್ಧ ಗಂಟೆ. ಆರೂವರೆಗೆ ಮುಂದಿನ ಪಾಳಿಯವರು ಅದೇ ಮಂಚಕ್ಕೆ ಬರುತ್ತಾರೆ, ಅವರನ್ನು ತಡೆಯುವಂತಿಲ್ಲ. ಇಲ್ಲಿ ಹಾಳಾದ ಹೊತ್ತು ನೇರವಾಗಿ ಅವಳ ನಾಲ್ಕು ಗಂಟೆಯಿಂದ ಕಡಿತವಾಗುತ್ತದೆ. ಲೆಕ್ಕ ಅಷ್ಟು ಸರಳ.

ಬಾಗಿದ ಚಿಹ್ನೆಗಳನ್ನು ಒಂದೊಂದಾಗಿ ನೆಟ್ಟಗೆ ಮಾಡುವುದು ಎರಡು ನಿಮಿಷದ ಕೆಲಸ. ಆದರೆ ಅವನ ತಲೆಯ ಮೇಲಿನ ಗೋಡೆಯಲ್ಲಿ, ಪ್ಲಾಸ್ಟಿಕ್ ಹೊದಿಸಿದ ಹಾಳೆಯಲ್ಲಿ, ನಾಲ್ಕು ನಿಯಮಗಳಿದ್ದವು. ಚಾಲ್ತಿಯಲ್ಲಿರುವ ಡೇಟಾಬೇಸ್‌ನಲ್ಲಿ ನೇರವಾಗಿ ಟೈಪ್ ಮಾಡತಕ್ಕದ್ದಲ್ಲ. ಇನ್ನೊಬ್ಬರ ಒಪ್ಪಿಗೆ ಪಡೆದ ಪಠ್ಯವನ್ನು ಮಾತ್ರ ಪೇಸ್ಟ್ ಮಾಡತಕ್ಕದ್ದು; ರೋಗಿಯ ಸಂಖ್ಯೆ, ಹೆಸರು ಎರಡೂ ತಾಳೆಯಾಗತಕ್ಕದ್ದು. ಒಪ್ಪಿಗೆಯ ನಂತರ ಒಂದಕ್ಷರವನ್ನೂ ಬದಲಿಸತಕ್ಕದ್ದಲ್ಲ. ಮೂರು ಸಲ ವಿಫಲವಾದಲ್ಲಿ ಆಡಳಿತಾಧಿಕಾರಿಗಳ ಸಹಿ ಪಡೆಯತಕ್ಕದ್ದು. ಬರೆದವನು ಅವನೇ. 'ತಕ್ಕದ್ದು' ಎಂಬ ಮಾತನ್ನು ಐದು ಕಡೆ ಹಾಕಿದ್ದೂ ಅವನೇ. ಅಲ್ಪವಿರಾಮ ತಪ್ಪಿದರೂ ಕಾಗದ ವಾಪಸು ಕಳಿಸುತ್ತಾನೆಂದು ನರ್ಸುಗಳು ಅವನಿಗೆ 'ಕಾಮಾ ಸಾರ್' ಎಂದು ಹೆಸರಿಟ್ಟಿದ್ದರು. ಆಸ್ಪತ್ರೆಯಲ್ಲವೆ, ತಿಂಗಳೊಳಗೆ ಅದು 'ಕೋಮಾ ಸಾರ್' ಆಯಿತು.

ಅವನು ಚಿಹ್ನೆಗಳನ್ನು ತಿದ್ದಿದ, ಪ್ರಿಂಟ್ ತೆಗೆದ, ಎದುರು ಮೇಜಿಗೆ ಒಯ್ದ. ಎದುರು ಮೇಜಿನಾಕೆ ಈ ಕೋಣೆಗೆ ಬಂದು ನಾಲ್ಕು ವರ್ಷವಾಗಿತ್ತು. ಅವನು ಬರೆದದ್ದಕ್ಕೆ ಆಕೆಯ ಸಹಿ, ಆಕೆ ಬರೆದದ್ದಕ್ಕೆ ಅವನದು. ಆಕೆ ಹಾಳೆಯನ್ನು ಮೇಜಿನ ಮೇಲಿಟ್ಟು, ಸ್ಕೇಲನ್ನು ಮೊದಲ ಸಾಲಿನ ಕೆಳಗಿಟ್ಟು ಓದತೊಡಗಿದಳು. ಒಂದು ಸಾಲು ಮುಗಿದ ಮೇಲೆ ಸ್ಕೇಲನ್ನು ಕೆಳಗಿಳಿಸಿದಳು.

"ಚಿಹ್ನೆ ಮಾತ್ರ ಬದಲಾಗಿರೋದು. ಬೇರೇನೂ ಇಲ್ಲ," ಎಂದ.

"ಹೌದಾ ಸಾರ್," ಎಂದಳು. ಸ್ಕೇಲು ಮೂರನೇ ಸಾಲಿನಲ್ಲಿತ್ತು.

ಬೇಕೆಂದೇ ನಿಧಾನ ಮಾಡುತ್ತಿದ್ದಾಳೆಯೇ ಎಂದು ಅವನು ಆಕೆಯ ಮುಖ ನೋಡಿದ. ಮುಖದಲ್ಲಿ ಏನೂ ಇರಲಿಲ್ಲ. ಸ್ಕೇಲಿಟ್ಟು ಓದಬೇಕೆಂದು ಹೇಳಿಕೊಟ್ಟವನು ಅವನೇ. ಕಳೆದ ಚಳಿಗಾಲದವರೆಗೆ ಆಕೆ ಹೀಗೆ ಓದುತ್ತಿರಲಿಲ್ಲ, ಕಣ್ಣಾಡಿಸಿ ಗೀಚಿ ಕೊಡುತ್ತಿದ್ದಳು, ಓದುತ್ತ ಮಗನ ಶಾಲೆಯ ಯಾವುದಾದರೂ ತಮಾಷೆ ಹೇಳುತ್ತಿದ್ದಳು. ಆಗ ಒಬ್ಬ ತಂದೆ ಮಗುವನ್ನು ಎತ್ತಿಕೊಂಡು ಈ ಬಾಗಿಲಿಗೇ ಬಂದಿದ್ದ. ಮಗುವಿನ ಹುಟ್ಟಿದ ದಿನಾಂಕ ತಪ್ಪಾಗಿ ದಾಖಲಾಗಿದೆ, ಕೆಳಗೆ ಔಷಧ ಕೊಡುತ್ತಿಲ್ಲ, ವಯಸ್ಸು ಸಾಲದು ಅನ್ನುತ್ತಾರೆ ಎಂದ. ಇವನು ಊಟಕ್ಕೆ ಹೋಗಿದ್ದ ಹೊತ್ತು. ಆಕೆ ಮಗುವಿನ ಹಳೆಯ ಕಾಗದ ನೋಡಿ, ಒಂದೇ ಸಾಲು ಟೈಪ್ ಮಾಡಿ ತಿದ್ದಿದಳು. ಸರಿಯಾಗಿಯೇ ತಿದ್ದಿದ್ದಳು. ಮರುದಿನದ ಸಭೆಯಲ್ಲಿ ಅವನು ಆ ಸಾಲನ್ನು ಆಕೆಯ ಕೈಗೆ ಕೊಟ್ಟು, ನಿಂತುಕೊಂಡು ಗಟ್ಟಿಯಾಗಿ ಓದಿ ಎಂದಿದ್ದ. ಚಿಹ್ನೆಗಳನ್ನೂ ಸೇರಿಸಿ ಓದಿ, ಒಂದು ಚಿಹ್ನೆ ಬಿಟ್ಟಿದ್ದರೆ ಆಸ್ಪತ್ರೆಯ ಎಲ್ಲ ಮಕ್ಕಳೂ ಒಂದೇ ದಿನ ಹುಟ್ಟಿಬಿಡುತ್ತಿದ್ದರು ಎಂದಿದ್ದ. ಅದು ತಮಾಷೆಯೆಂದುಕೊಂಡು ಯಾರೋ ನಕ್ಕರು. ಆಕೆ ಓದಿದಳು. ಸಮ ಚಿಹ್ನೆ, ಉದ್ಧರಣ ಚಿಹ್ನೆ, ಸಂಖ್ಯೆ, ಉದ್ಧರಣ ಚಿಹ್ನೆ, ಅರ್ಧವಿರಾಮ. ಕೊನೆಯ ಪದದ ಹೊತ್ತಿಗೆ ದನಿ ಹೋಗಿತ್ತು, ತುಟಿ ಮಾತ್ರ ಆಡಿತ್ತು. ವಾರದೊಳಗೆ ಗೋಡೆಗೆ ನಿಯಮ ಬಂತು. ತತ್ವದ ಪ್ರಶ್ನೆ ಎಂದು ಅವನು ಆಗ ಎಲ್ಲರಿಗೂ ಹೇಳಿದ, ಈಗಲೂ ಹಾಗೆಯೇ ಅಂದುಕೊಳ್ಳುತ್ತಾನೆ. ಆದರೆ ಆ ದಿನದಿಂದ ಆಕೆ ಶಾಲೆಯ ತಮಾಷೆ ಹೇಳಿಲ್ಲ.

"ಆಯ್ತು ಸಾರ್," ಎಂದು ಆಕೆ ಸಹಿ ಹಾಕಿ ಹಾಳೆ ಕೊಟ್ಟಳು.

ಎರಡನೇ ಸಲ ಪೇಸ್ಟ್ ಮಾಡಿದಾಗ ಕಂಪ್ಯೂಟರು ಕೂಗಿತು. ಕೂಗಿತೆಂದರೆ ಟಿಣ್ ಎಂದಿತು, ಒಂದಲ್ಲ, ಸಾಲು ಸಾಲಾಗಿ, ಯಾರೋ ಕರೆಗಂಟೆಯ ಮೇಲೆ ಬೆರಳಿಟ್ಟು ಮರೆತ ಹಾಗೆ. ಎದುರು ಮೇಜಿನಾಕೆ ತಲೆಯೆತ್ತಿ ಮತ್ತೆ ತಗ್ಗಿಸಿದಳು. ಪರದೆಯ ಮೇಲೆ ಅವನು ಕೇಳದ ಪ್ರಶ್ನೆಯೊಂದು ನಿಂತಿತ್ತು: ಇರುವ ಪದಗಳನ್ನೆಲ್ಲ ತೋರಿಸಲೇ, ಹೌದೋ ಅಲ್ಲವೋ? ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಚಿಹ್ನೆ ತಿದ್ದುವಾಗ, ಸಾಲುಗಳು ಒಂದರ ಕೆಳಗೊಂದು ಓರಣವಾಗಿ ಕಾಣಲೆಂದು ಅವನು ನಡುನಡುವೆ ಟ್ಯಾಬ್ ಒತ್ತಿ ಜಾಗ ಬಿಟ್ಟಿದ್ದ, ಅದನ್ನು ಬದಲಾವಣೆ ಎಂದೇ ಎಣಿಸಿರಲಿಲ್ಲ. ಕಾಗದದ ಮೇಲೆ ಟ್ಯಾಬ್ ಎಂದರೆ ಬರೀ ಜಾಗ. ಈ ಕಪ್ಪು ಕಿಟಕಿಗೆ ಅದರ ಅರ್ಥ ಬೇರೆ: ಮುಂದಿನ ಪದ ಗೊತ್ತಾಗುತ್ತಿಲ್ಲ, ನೀನೇ ಹೇಳು. ಅದು ಹೇಳಲು ಹೊರಟು, ಹೌದೋ ಅಲ್ಲವೋ ಎಂದು ಕೇಳಿ, ಹಿಂದೆಯೇ ಬರುತ್ತಿದ್ದ ಅವನ ಸಾಲಿನ ಅಕ್ಷರಗಳನ್ನು ಉತ್ತರವೆಂದು ತಿಳಿದು ಒಂದೊಂದಾಗಿ ಎತ್ತಿ ಎಸೆದಿತ್ತು. ನಡುವೆ ಎಲ್ಲೋ 'ಅಲ್ಲ' ಎಂಬುದರ ಮೊದಲಕ್ಷರ ಸಿಕ್ಕಿದಾಗ ತೃಪ್ತಿಪಟ್ಟು, ಉಳಿದದ್ದನ್ನು ಮುರುಕು ಮುರುಕಾಗಿ ಒಳಗೆ ಬಿಟ್ಟುಕೊಂಡಿತ್ತು. ಎಸೆದುದರಲ್ಲಿ ಒಂದು ಉದ್ಧರಣ ಚಿಹ್ನೆಯೂ ಹೋಗಿತ್ತು. ಹಾಗಾಗಿ ಈಗ ಅದು ಮುಚ್ಚದ ಉದ್ಧರಣೆಯೊಳಗೆ ಕೂತಿತ್ತು. ಅವನು ಎಂಟರ್ ಒತ್ತಿದ. ಹೊಸ ಸಾಲು ಬಂತು. ನಿಲ್ಲಿಸು ಎಂಬ ಆಜ್ಞೆ ಬರೆದ. ಅದನ್ನೂ ಯಾರದೋ ಹೆಸರಿನ ಮುಂದುವರಿಕೆ ಎಂದು ಸೇರಿಸಿಕೊಂಡು ಅದು ಕಾಯುತ್ತ ಕೂತಿತು. ಹೊರಡುತ್ತೇನೆ ಎಂದು ಬರೆದ. ಅದೂ ಹೆಸರೇ. ಆ ಹೊತ್ತಿನಲ್ಲಿ ಅವನು ಬೈದು ಬರೆದಿದ್ದರೂ ಹೆಸರೆಂದೇ ನಂಬುತ್ತಿತ್ತು.

ಫೋನು ಬಡಿದುಕೊಂಡಿತು. ವಾರ್ಡಿನ ಹೆಡ್ ನರ್ಸ್.

"ಕೋಮಾ ಸಾರ್, ಎಚ್ಚರ ಇದ್ದೀರಾ? ಐದನೇ ಮಂಚದ ಹಾಳೆ ಬಂದಿಲ್ಲ."

"ಬರುತ್ತೆ. ಐದು ನಿಮಿಷ."

"ಆಗ್ಲೇ ಹೇಳಿದ ಐದು ನಿಮಿಷ ಮುಗೀತಲ್ಲ ಸಾರ್. ಇದು ಹೊಸದಾ?"

"ಹೊಸದು."

"ನಿಮ್ಮಕ್ಕ ತೂಕ ನೋಡಿಸ್ಕೊಂಡು ಕೂತಿದ್ದಾರೆ. ಇರಬೇಕಾದ್ದಕ್ಕಿಂತ ಮೂರು ಕಿಲೋ ಜಾಸ್ತಿ. ಎಲ್ಲಾ ನೀರೇ. ಮಾತಾಡುವಾಗ ಉಸಿರು ಸಿಕ್ಕೊಳ್ತಿದೆ, ಆದ್ರೂ ಮಾತು ನಿಲ್ಲಿಸಲ್ಲ. ಪಕ್ಕದವರಿಗೆ ನಿಮ್ಮ ಬಗ್ಗೇನೇ ಹೇಳ್ತಿದ್ದಾರೆ."

"ಏನಂತೆ?"

"ನನ್ನ ತಮ್ಮ ಮೇಲಿದ್ದಾನೆ, ಅವನ ಕೈಯಲ್ಲೇ ಎಲ್ಲಾ ಇರೋದು ಅಂತ." ಹೆಡ್ ನರ್ಸ್ ನಕ್ಕರು. "ಇದ್ರೆ ಸ್ವಲ್ಪ ಬಿಡಿ ಸಾರ್ ಕೈಯಿಂದ."

ಅವನು ಫೋನಿಟ್ಟ. ಈ ಮಾತಿಗೆ ಹೆದರಿಯೇ ಅವನು ವಾರಕ್ಕೆ ಮೂರು ದಿನ, ಅವಳು ಬರುವ ದಿನಗಳಲ್ಲಿ, ಹಿಂದಿನ ಮೆಟ್ಟಿಲಲ್ಲಿ ಓಡಾಡುತ್ತಿದ್ದ. ಮುಂದಿನ ಮೆಟ್ಟಿಲು ಇಳಿದರೆ ವಾರ್ಡಿನ ಬೆಂಚು, ಬೆಂಚಿನ ಮೇಲೆ ಅವಳು, ಅವಳ ಪಕ್ಕ ಇನ್ನು ನಾಲ್ಕು ಜನ. ಇವನೇ ನೋಡಿ ನನ್ನ ತಮ್ಮ ಎಂದು ಅವಳು ಕೈ ಹಿಡಿದೆಳೆಯುವಳು, ಆ ನಾಲ್ವರ ಕಣ್ಣಲ್ಲಿ ಏನೋ ಆಸೆ ಏಳುವುದು. ಒಂದು ಸಲ ಅವಳೇ ಕೇಳಿದ್ದಳು. ಮಧ್ಯಾಹ್ನದ ಪಾಳಿ ಆಗುತ್ತಿಲ್ಲ ಕಣೋ ಪಾಪು, ಮನೆ ಸೇರುವಾಗ ಕತ್ತಲಾಗುತ್ತೆ, ಕಾಲು ನಡುಗುತ್ತೆ, ಬೆಳಗಿನದಕ್ಕೆ ಹಾಕಿಸು ಎಂದು. ಐವತ್ತು ದಾಟಿದವನನ್ನು ಪಾಪು ಎಂದು ಕರೆಯುವವಳು ಈಗ ಅವಳೊಬ್ಬಳೇ. ಕೌಂಟರಿನಲ್ಲಿ ಅರ್ಜಿ ಕೊಡು, ಸರದಿ ಬಂದಾಗ ಆಗುತ್ತದೆ ಎಂದಿದ್ದ. ಅವಳು ಕೊಟ್ಟಳು, ಸರದಿ ಬರಲಿಲ್ಲ, ಮತ್ತೆ ಕೇಳಲೂ ಇಲ್ಲ. ಎರಡನೇ ಸಲ ಕೇಳಿದ್ದರೆ ಬೈಯಬಹುದಿತ್ತು. ಕೇಳದೆ ಇರುವವರನ್ನು ಏನೂ ಮಾಡಲು ಬರುವುದಿಲ್ಲ.

ಕಂಟ್ರೋಲ್ ಕೀಲಿ ಒತ್ತಿ ಹಿಡಿದು, ಸಿ ಒತ್ತಿ ಆ ಮುಚ್ಚದ ಸಾಲನ್ನು ಕೊಂದ. ಟ್ಯಾಬುಗಳನ್ನೆಲ್ಲ ಅಳಿಸಿ ಒಂದೊಂದು ಜಾಗ ಬಿಟ್ಟ. ಪತ್ರದ ಸಾಫ್ಟ್‌ವೇರನ್ನು ನಂಬದೆ ಈ ಸಲ ಏನೂ ಅಲಂಕಾರ ಗೊತ್ತಿಲ್ಲದ ಸಾದಾ ಕಡತದಲ್ಲಿ ಬರೆದ, ಪ್ರಿಂಟ್ ತೆಗೆದ. ಪ್ರಿಂಟರು ಬಿಸಿಯಾಗಲು ಸಮಯ ತೆಗೆದುಕೊಂಡಿತು. ಒಳಗೆ ಯಾರೋ ಗಂಟಲು ಸರಿಮಾಡಿಕೊಳ್ಳುವಂಥ ಸದ್ದು. ಮತ್ತೆ ಎದುರು ಮೇಜು, ಮತ್ತೆ ಸ್ಕೇಲು. ಆಕೆಯ ಉಗುರು ಸಾಲಿನುದ್ದಕ್ಕೂ ಸರಿಯುವುದನ್ನು ನೋಡುತ್ತ, ಶಾಲೆಯಲ್ಲಿ ಮೇಷ್ಟರ ಮೇಜಿನ ಪಕ್ಕ ಕಾಪಿ ತಿದ್ದಿಸಿಕೊಳ್ಳಲು ನಿಂತ ಹಾಗೆ ಅವನು ನಿಂತಿದ್ದ. ಆಕೆ ಸಹಿ ಹಾಕಿದಳು. ಅವನು ಪೇಸ್ಟ್ ಮಾಡಿದ.

ಈ ಸಲ ಟಿಣ್ ಇಲ್ಲ, ದೋಷವಿಲ್ಲ. ಒಂದು ಸಾಲು ಬದಲಾಯಿತು. ಒಂದು ಸಾಲು ಬದಲಾಯಿತು. ಸೊನ್ನೆ ಸಾಲು ಬದಲಾಯಿತು. ಒಂದು ಸಾಲು ಬದಲಾಯಿತು. ಹೀಗೆ ಕೊನೆಯವರೆಗೆ. ಎಂಟರಲ್ಲಿ ಏಳು ಜನ ಹೊಸ ಯಂತ್ರಕ್ಕೆ ಹೋಗಿದ್ದರು. ನಾಳೆ ಬರುವವರು, ನಾಡಿದ್ದು ಬರುವವರು, ಇವತ್ತು ಸಂಜೆ ಬರುವವರು, ಎಲ್ಲ. ಮೂರನೆಯವಳು ಅಕ್ಕ.

ಸೊನ್ನೆ ಎಂದರೆ ತಪ್ಪಲ್ಲ. ಡೇಟಾಬೇಸ್ ಅದನ್ನು ತಪ್ಪೆಂದು ಹೇಳುವುದೂ ಇಲ್ಲ. ನೀನು ಹೇಳಿದ ಸಂಖ್ಯೆ, ನೀನು ಹೇಳಿದ ಹೆಸರು ಎರಡೂ ಇರುವ ವ್ಯಕ್ತಿ ನನ್ನಲ್ಲಿ ಯಾರೂ ಇಲ್ಲ, ಆದ್ದರಿಂದ ಏನೂ ಮಾಡಲಿಲ್ಲ, ಅಷ್ಟೆ. ಅವನು ಸಂಖ್ಯೆಯೊಂದನ್ನೇ ಕೊಟ್ಟು ಹುಡುಕಿದ. ಹುಡುಕಲು ಯಾರ ಒಪ್ಪಿಗೆಯೂ ಬೇಡ. ಬಂದಳು, ಅದೇ ಹೆಸರು, ಅದೇ ಮನೆ ವಿಳಾಸ, ತುರ್ತಿಗೆ ಕರೆಯಬೇಕಾದವರು ಎಂಬಲ್ಲಿ ಅವನದೇ ಫೋನು. ಹೆಸರೊಂದನ್ನೇ ಕೊಟ್ಟು ಹುಡುಕಿದ. ಯಾರೂ ಇಲ್ಲ. ಹಾಳೆಯ ಮೇಲಿನ ಹೆಸರನ್ನು ಪರದೆಯ ಮೇಲಿನ ಹೆಸರಿನ ಪಕ್ಕ ಹಿಡಿದು ಅಕ್ಷರ ಅಕ್ಷರ ನೋಡಿದ. ಕೂದಲೆಳೆಯ ವ್ಯತ್ಯಾಸವಿಲ್ಲ. ಕೊನೆಗೆ ಆ ಹೆಸರಿನ ಉದ್ದ ಎಷ್ಟೆಂದು ಡೇಟಾಬೇಸನ್ನೇ ಕೇಳಿದ. ಅದು ಹೇಳಿದ್ದಕ್ಕೂ ಅವನು ಬೆರಳು ಮಡಿಚಿ ಎಣಿಸಿದ್ದಕ್ಕೂ ಒಂದರ ಅಂತರ. ಕಣ್ಣಿಗೆ ಕಾಣದ ಒಂದು ಅಕ್ಷರ ಅವಳ ಹೆಸರಿನ ಕೊನೆಯಲ್ಲಿತ್ತು.

ಅವಳ ಹೆಸರು ಅರ್ಧಾಕ್ಷರದಲ್ಲಿ ಮುಗಿಯುತ್ತದೆ. ಚಿಕ್ಕಂದಿನಲ್ಲಿ ಅವನು, ನಿನ್ನ ಹೆಸರು ಮುಗಿಯೋದ್ರೊಳಗೆ ಅಪ್ಪನಿಗೆ ಶಾಯಿ ಖಾಲಿಯಾಯ್ತು ಎಂದು ರೇಗಿಸುತ್ತಿದ್ದ, ಅವಳು ಅಟ್ಟಿಸಿಕೊಂಡು ಬರುತ್ತಿದ್ದಳು. ಕನ್ನಡದಲ್ಲಿ ಅರ್ಧಾಕ್ಷರ ಬಂದಾಗ ಮುಂದಿನ ಅಕ್ಷರ ಹೋಗಿ ಅದರ ಒತ್ತಾಗದಿರಲೆಂದು ಕೆಲವು ಕೀಲಿಮಣೆಗಳು ತಾವಾಗಿಯೇ ಒಂದು ಗುರುತು ಹಾಕುತ್ತವೆ. ಅದಕ್ಕೆ ಆಕಾರವಿಲ್ಲ, ಅಗಲವಿಲ್ಲ. ಕೂಡಬೇಡ ಎಂದು ಹೇಳುವುದಷ್ಟೇ ಅದರ ಕೆಲಸ. ಪತ್ರಿಕೆಯವರ ಕಂಪ್ಯೂಟರುಗಳಲ್ಲಿ ಅದು ರೂಢಿ. ಮುಂದೆ ಅಕ್ಷರವಿರಲಿ ಬಿಡಲಿ, ಅರ್ಧಾಕ್ಷರ ಕಂಡಲ್ಲೆಲ್ಲ ಒಂದನ್ನು ಅಂಟಿಸಿಬಿಡುತ್ತವೆ. ಆಸ್ಪತ್ರೆಯ ಕೀಲಿಮಣೆ ಹಾಕುವುದಿಲ್ಲ, ಅದನ್ನು ಆರಿಸಿದವನು ಅವನೇ, ಖಾತ್ರಿಯಿತ್ತು. ಹಾಗಾದರೆ ಇದು ಬಂದದ್ದೆಲ್ಲಿಂದ ಎಂದು ಅವನು ಸಿಟ್ಟಿನಿಂದ ಕುರ್ಚಿ ಹಿಂದೆ ತಳ್ಳಿದ. ತಳ್ಳಿದ ಕೈ ಹಾಗೇ ನಿಂತಿತು. ಅವಳನ್ನು ಇಲ್ಲಿ ದಾಖಲು ಮಾಡಿದ ದಿನ ಕೌಂಟರಿನ ಸಾಲು ಬಾಗಿಲಾಚೆ ಹೋಗಿತ್ತು. ನೀನು ಕೂತಿರು ಎಂದು ಹೇಳಿ ಅವನೇ ಮೇಲೆ ಬಂದು ವಿವರ ತುಂಬಿದ್ದ. ಆವತ್ತು ಅವಳ ಹೆಸರು ಟೈಪ್ ಮಾಡಿರಲಿಲ್ಲ. ಅಮ್ಮ ತೀರಿಕೊಂಡಾಗ ಪತ್ರಿಕೆಯವರು ಅಚ್ಚಿಗೆ ಮೊದಲು ನೋಡಿ ಎಂದು ಕಳಿಸಿದ್ದ ನಿಧನವಾರ್ತೆ ಅವನ ಫೋನಿನಲ್ಲಿತ್ತು. ಮಗಳು ಇಂಥವಳನ್ನೂ ಮಗ ಇಂಥವನನ್ನೂ ಅಗಲಿದ್ದಾರೆ. ಅದರಿಂದ ಹೆಸರನ್ನು ಎತ್ತಿ, ಕಂಪ್ಯೂಟರಿಗೆ ಕಳಿಸಿ, ಪೇಸ್ಟ್ ಮಾಡಿದ್ದ. ಹತ್ತು ಅಕ್ಷರ ಒತ್ತುವ ವ್ಯವಧಾನವೂ ಇರಲಿಲ್ಲವೇ ಎಂದರೆ, ಇರಲಿಲ್ಲ. ಕೆಳಗೆ ಅವಳು ಕೂತಿದ್ದಳು, ಕೈಯಲ್ಲಿ ಪರೀಕ್ಷೆಯ ಕಾಗದಗಳಿದ್ದವು, ಅವಳು ಅಳುವ ಮೊದಲು ಆ ಕೆಲಸ ಮುಗಿಸಿ ತನ್ನ ಕುರ್ಚಿಗೆ ಬಂದುಬಿಡಬೇಕೆಂದಿತ್ತು. ಅವಳು ಅಳಲೇ ಇಲ್ಲ.

"ಏನಾಯ್ತು ಸಾರ್?" ಎಂದು ಎದುರು ಮೇಜಿನಾಕೆ ಕೇಳಿದಳು.

"ಒಬ್ಬರದು ಆಗಿಲ್ಲ. ಹೆಸರಿನ ಕೊನೆಗೆ ಏನೋ ಸೇರಿಕೊಂಡಿದೆ."

ಆಕೆ ಎದ್ದು ಬಂದು ಪರದೆ ನೋಡಿದಳು. ಯಾರ ಹೆಸರೆಂದು ಆಕೆಗೆ ಗೊತ್ತು. 

"ಒಂದೇ ಸಾಲು," ಎಂದ. "ಅರ್ಧ ನಿಮಿಷದ ಕೆಲಸ. ಟೈಪ್ ಮಾಡಿಬಿಡ್ಲಾ?"

"ನನ್ನನ್ನ ಯಾಕೆ ಸಾರ್ ಕೇಳ್ತೀರಿ? ಗೋಡೆ ಮೇಲಿದೆಯಲ್ಲ."

"ಗೋಡೆ ಮೇಲೆ ಇರೋದು ನನಗೂ ಗೊತ್ತು ಕಣ್ರೀ. ನೀವೇನು ಹೇಳ್ತೀರಿ?"

"ನಾನೇನೂ ಹೇಳಲ್ಲ," ಎಂದು ಆಕೆ ಮೃದುವಾಗಿ ಹೇಳಿದಳು. "ಮೂರು ಸಲ ಆಯ್ತಲ್ಲ ಸಾರ್. ನಾಲ್ಕನೇ ನಿಯಮ."

ಆ ಮೃದುತ್ವದಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ಎಂದು ಅವನು ಕಾರಿಡಾರಿನುದ್ದಕ್ಕೂ ಯೋಚಿಸಿದ. ಇದ್ದಿದ್ದರೆ ವಾಸಿ. ಆಕೆ ಸೇಡು ತೀರಿಸಿಕೊಳ್ಳುತ್ತಿದ್ದರೆ ಅವನೂ ಸಿಟ್ಟು ಮಾಡಿಕೊಂಡು ಕೂತು ಟೈಪ್ ಮಾಡಬಹುದಿತ್ತು. ಅವನು ಕಲಿಸಿದ್ದನ್ನು ಆಕೆ ಕಲಿತಿದ್ದಳು, ಅಷ್ಟೆ. ತನ್ನ ಅಕ್ಕನಿಗಾಗಿ ಅವನು ಈಗ ಒಂದು ಸಾಲು ಟೈಪ್ ಮಾಡಿದರೆ, ಯಾರದೋ ಮಗುವಿಗಾಗಿ ಆಕೆ ಟೈಪ್ ಮಾಡಿದ್ದನ್ನು ಸಭೆಯಲ್ಲಿ ಓದಿಸಿದ್ದು ಏನಾಗಿತ್ತು ಎಂಬ ಪ್ರಶ್ನೆಗೆ ತತ್ವ ಎಂಬ ಉತ್ತರ ಉಳಿಯುವುದಿಲ್ಲ. ಉಳಿಯದಿರಲಿ. ಆದರೆ ಆಕೆಯ ಕಣ್ಣೆದುರಿಗೇ ಅದು ಬಿದ್ದುಹೋಗಬೇಕೆ? ಕೆಳಗೆ ಅವಳ ಹೊತ್ತು ಕಳೆಯುತ್ತಿದೆ, ನಾನಿಲ್ಲಿ ನನ್ನ ಮುಖ ಉಳಿಸಿಕೊಳ್ಳಲು ನಡೆಯುತ್ತಿದ್ದೇನೆ ಎಂದು ಸ್ಪಷ್ಟವಾಗಿ, ಬೇರೆಯವರ ಬಗ್ಗೆ ಬಂದ ವರದಿಯನ್ನು ಓದಿದ ಹಾಗೆ, ಅವನಿಗೆ ಅನಿಸಿತು. ಆದರೂ ಕಾಲು ಆಡಳಿತಾಧಿಕಾರಿಗಳ ಕೋಣೆಯ ಕಡೆಗೇ ನಡೆಯಿತು.

ಬಾಗಿಲ ಬಳಿ ಅವರ ಗುಮಾಸ್ತ ಕುಳಿತು ಲಕೋಟೆಗಳಿಗೆ ಗೋಂದು ಹಚ್ಚುತ್ತಿದ್ದ. "ಒಳಗೆ ಮೀಟಿಂಗು ಸಾರ್. ನಾಲ್ಕರ ಮೇಲೆ ಬನ್ನಿ."

"ಒಂದು ಸಹಿ ಸಾಕು."

"ಎಲ್ರೂ ಒಂದೇ ಸಹಿಗೆ ಬರೋದು. ಎರಡು ಸಹಿ ಬೇಕು ಅಂತ ಇಲ್ಲೀವರೆಗೆ ಯಾರೂ ಬಂದಿಲ್ಲ."

"ತುರ್ತು ಅಂತ ಹೇಳ್ರೀ."

"ಹೇಳಬಹುದು ಸಾರ್. ತುರ್ತು ಅಂದ್ರೆ ಬರವಣಿಗೇಲಿ ಕೊಡ್ಲಿ ಅಂತಾರೆ. ಆ ರೂಲು ನಿಮ್ಮದೇ ಅಲ್ವಾ?" ಗುಮಾಸ್ತ ಗೋಂದಿನ ಬೆರಳನ್ನು ಮೇಜಿನಂಚಿಗೆ ಒರೆಸಿದ. "ಕೂತ್ಕೊಳ್ಳಿ. ನೀರು ಬೇಕಾ?"

ಅವನು ಕೂರಲಿಲ್ಲ. ವಾಪಸು ಬರುವಾಗ ದಾರಿ ತಪ್ಪಿಯೋ ಏನೋ ಮುಂದಿನ ಮೆಟ್ಟಿಲಿನ ತಿರುವಿಗೆ ಬಂದಿದ್ದ. ಅಲ್ಲಿ ಗಾಜಿನ ಕಿಟಕಿ, ಅದರಿಂದ ಕೆಳಗೆ ವಾರ್ಡಿನ ಬೆಂಚು ಕಾಣುತ್ತದೆ. ಬೆಂಚಿನ ಮೇಲೆ ಈಗ ಅವಳೊಬ್ಬಳೇ ಇದ್ದಳು. ಉಳಿದವರೆಲ್ಲ ಒಳಗೆ ಯಂತ್ರಗಳ ಪಕ್ಕ ಮಲಗಿ ಆಗಿತ್ತು. ಪಕ್ಕದಲ್ಲಿ ಮಾತಿಗೆ ಯಾರೂ ಇಲ್ಲದೆ ಅವಳು ಸುಮ್ಮನಿದ್ದಳು. ಅವಳು ಸುಮ್ಮನೆ ಕೂತದ್ದನ್ನು ಅವನು ನೋಡಿದ ನೆನಪಿಲ್ಲ. ಚಪ್ಪಲಿ ಕಳಚಿಟ್ಟಿದ್ದ ಪಾದಗಳು ನೀರು ತುಂಬಿ ಊದಿದ್ದವು; ಅವನು ತಿರುಗಿ ದಾಖಲೆ ಕೋಣೆಗೆ ಹೋದ, ಎದುರು ಮೇಜಿನಾಕೆ ನೋಡುತ್ತಿರುವಂತೆಯೇ ಆ ಒಂದು ಸಾಲನ್ನು ಟೈಪ್ ಮಾಡಿದ.